ಹಳೆಯ ಮಾರುತಿ 800ರ ಎಂಜಿನ್ ಬಿಸಿಯೇರಿದರೆ: ದೋಷ ಹುಡುಕುವ ಕ್ರಮ

ಬಿಸಿಯೇರುವ ಹಳೆಯ ಮಾರುತಿ 800 ಗ್ಯಾರೇಜಿಗೆ ಹೋದರೆ ಬಹಳ ಕಡೆ ನಡೆಯುವುದು ಒಂದೇ ಕಥೆ. ಮೊದಲು ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲಷ್ಟೇ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಕಿತ್ತು ಪಕ್ಕಕ್ಕೆ ಎಸೆಯುತ್ತಾರೆ. ಬಿಸಿ ಇಳಿಯದಿದ್ದರೆ ರೇಡಿಯೇಟರ್ ಬದಲಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ವಾಟರ್ ಪಂಪ್. ಕೊನೆಗೆ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ) ಬಿಚ್ಚೋಣ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಗಾಡಿ ಮಾರಿದರೂ ಹುಟ್ಟದಷ್ಟು ಹಣ ಖರ್ಚಾಗಿರುತ್ತದೆ. ದೋಷ ಮಾತ್ರ ರೇಡಿಯೇಟರ್ ಮುಚ್ಚಳದ ಬಿರಿದ ರಬ್ಬರಿನಲ್ಲೋ, ಫ್ಯಾನಿನ ತುಕ್ಕು ಹಿಡಿದ ಅರ್ತ್ ತಂತಿಯಲ್ಲೋ ಹಾಯಾಗಿ ಕುಳಿತಿರುತ್ತದೆ.

ಇದಕ್ಕೆ ಮೆಕ್ಯಾನಿಕ್‌ಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ‘ಗಾಡಿ ಹೀಟ್ ಆಗುತ್ತಿದೆ’ ಎಂದಷ್ಟೇ ಹೇಳಿ ಕೀಲಿ ಕೈಗೆ ಕೊಟ್ಟರೆ ಅವರಾದರೂ ಎಲ್ಲಿಂದ ಶುರು ಮಾಡಬೇಕು? ಯಾವಾಗ ಬಿಸಿಯಾಗುತ್ತದೆ, ಎಷ್ಟು ಹೊತ್ತಿಗೆ, ಯಾವ ರಸ್ತೆಯಲ್ಲಿ, ನೀರು ಕಡಿಮೆಯಾಗುತ್ತದೆಯೇ ಇಲ್ಲವೇ ಎಂಬುದು ಗೊತ್ತಿರುವುದು ಗಾಡಿ ಓಡಿಸುವವರಿಗೆ. ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಒಂದು ಬಿಡಿಭಾಗವನ್ನೂ ಕೊಳ್ಳುವ ಮೊದಲು, ಬಿಸಿ ತೋರಿಸುವ ಮಾಪಕದ ಮುಳ್ಳು ಏರುವ ಹೊತ್ತನ್ನು ಗಮನಿಸಿ ಬರೆದಿಟ್ಟುಕೊಳ್ಳಿ.

ಇಲ್ಲಿ ಹೇಳುತ್ತಿರುವುದು ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಸಾಧನ) ಇರುವ 796 ಸಿಸಿ, ಮೂರು ಸಿಲಿಂಡರಿನ ಮಾರುತಿ 800 ಬಗ್ಗೆ. 1983ರ ಕೊನೆಗೆ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಬಿಡಿಭಾಗಗಳು ಮಾತ್ರ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲೂ ಈಗಲೂ ಸಿಗುತ್ತವೆ. ಮನೆಯಲ್ಲೇ ಕೆಲಸ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ನನಗೆ ಗೊತ್ತಿಲ್ಲ. ಬಾನೆಟ್ ಎತ್ತಿದರೆ ಬಹುತೇಕ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. ಇದೇ 796 ಸಿಸಿ ಎಂಜಿನ್ ಆಮ್ನಿಯಲ್ಲೂ ಇತ್ತು. ಅಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಕೈ ಹಾಕುವ ಜಾಗ ಬೇರೆ, ದೋಷ ಹುಡುಕುವ ಕ್ರಮ ಇದೇ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಎಲೆಕ್ಟ್ರಾನಿಕ್ ನಿಯಂತ್ರಣದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಬಂದ ನಂತರದ ಗಾಡಿಗಳಲ್ಲಿ ಫ್ಯಾನಿನ ವಿದ್ಯುತ್ ಜೋಡಣೆ ಬೇರೆಯಾಗಿದೆ, ಆದ್ದರಿಂದ ಮುಂದೆ ಬರುವ ಫ್ಯಾನ್ ಪರೀಕ್ಷೆಯನ್ನು ಅವುಗಳ ಮೇಲೆ ಮಾಡಬೇಡಿ.

ಮೊದಲು ಪ್ರಾಣ, ಆಮೇಲೆ ಗಾಡಿ

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಬಟ್ಟೆ ಸುತ್ತಿಕೊಂಡು ನಿಧಾನವಾಗಿ ತಿರುಗಿಸಿದರೆ ಆಗುತ್ತದೆ ಎಂದು ಹೇಳುವವರು ಸಿಗುತ್ತಾರೆ, ಕೇಳಬೇಡಿ. ಒಳಗಿನ ನೀರು ಒತ್ತಡದಿಂದಷ್ಟೇ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒತ್ತಡ ಹೋಗಿ ಎಲ್ಲವೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಖ, ಕುತ್ತಿಗೆ, ಮುಂಗೈ ಸುಟ್ಟುಕೊಳ್ಳುವುದು ಹೀಗೆಯೇ. ಎಂಜಿನ್ನಿನಿಂದ ರೇಡಿಯೇಟರಿಗೆ ಬರುವ ಮೇಲಿನ ಹೋಸನ್ನು (ರಬ್ಬರ್ ಕೊಳವೆ) ಹಿಂಡಿ ನೋಡಿ. ಗಟ್ಟಿಯಾಗಿ ಉಬ್ಬಿದ್ದರೆ ಒಳಗೆ ಒತ್ತಡವಿದೆ ಎಂದರ್ಥ. ಹೋಸ್ ಮೆತ್ತಗಾಗಿ, ಬರಿಗೈಯಲ್ಲಿ ಆರಾಮವಾಗಿ ಹಿಡಿಯುವಂತಾಗುವವರೆಗೆ ಕಾಯಬೇಕು. ಅದಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಮುಕ್ಕಾಲು ಗಂಟೆ.

ರಸ್ತೆಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಇದ್ದಲ್ಲಿ ತಕ್ಷಣ ನಿಲ್ಲಿಸಿ. ಹೀಟರ್ ಇರುವ ಗಾಡಿಯಾದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಹಾಕಿ, ಕಿಟಕಿ ಇಳಿಸಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಹೊರಗೆಳೆಯುತ್ತದೆ. ಮುಳ್ಳು ‘ಎಚ್’ (ಹಾಟ್) ಮುಟ್ಟಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಲೇಬೇಕು. ‘ಇನ್ನೇನು ಎರಡು ಕಿಲೋಮೀಟರ್, ಊರು ಬಂದೇಬಿಟ್ಟಿತು’ ಎಂದು ಎಳೆದುಕೊಂಡು ಹೋದ ಆ ಎರಡು ಕಿಲೋಮೀಟರಿನಲ್ಲೇ ಅಲ್ಯುಮಿನಿಯಂ ಹೆಡ್ ಬಾಗುವುದು. ನಿಲ್ಲಿಸಿದ ಮೇಲೆ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಕಾದ ಎಂಜಿನ್ನಿಗೆ ತಣ್ಣೀರು ತುಂಬಿಸಲೂ ಬೇಡಿ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ಯಾವಾಗ ಏರುತ್ತದೆ?

ಟ್ರಾಫಿಕ್ಕಿನಲ್ಲಿ ನಿಂತಾಗ ಮುಳ್ಳು ಏರಿ, ರಸ್ತೆ ಬಿಡುವಾಗಿ ಗಾಡಿ ಓಡತೊಡಗಿದಾಗ ಇಳಿಯುತ್ತದೆಯೇ? ಹಾಗಿದ್ದರೆ ನೀರಿನ ಓಟ ಸರಿಯಿದೆ, ಕೊರತೆ ಇರುವುದು ಗಾಳಿಯದು. ಮೊದಲ ಅನುಮಾನ ಫ್ಯಾನಿನ ಮೇಲೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ಸಂಜೆ ಹೊತ್ತು ತೆವಳುವ ಗಾಡಿಗೆ ಎದುರುಗಾಳಿ ಎಂಬುದೇ ಇಲ್ಲ. ಅಲ್ಲಿ ರೇಡಿಯೇಟರನ್ನು ತಣಿಸುವುದು ಫ್ಯಾನ್ ಒಂದೇ.

ಇದಕ್ಕೆ ಉಲ್ಟಾ, ಊರೊಳಗೆ ತೊಂದರೆಯಿಲ್ಲ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೋ ಶಿರಾಡಿ, ಚಾರ್ಮಾಡಿಯಂಥ ಘಾಟಿ ಹತ್ತುವಾಗಲೋ ಏರುತ್ತದೆ ಎಂದಾದರೆ ಫ್ಯಾನನ್ನು ಬಿಟ್ಟುಬಿಡಿ. ಓಡುವ ಗಾಡಿಗೆ ಗಾಳಿ ತಾನಾಗಿಯೇ ಸಿಗುತ್ತದೆ. ಅಲ್ಲಿ ಕೊರತೆ ಇರುವುದು ನೀರಿನದು ಅಥವಾ ನೀರಿನ ಓಟದ್ದು. ರೇಡಿಯೇಟರ್ ಒಳಗೆ ಕಟ್ಟಿರಬಹುದು, ಬೆಲ್ಟ್ ಜಾರುತ್ತಿರಬಹುದು, ಪಂಪ್ ಸವೆದಿರಬಹುದು, ಥರ್ಮೋಸ್ಟಾಟ್ ಅರ್ಧಕ್ಕೆ ನಿಂತಿರಬಹುದು.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ನುಗ್ಗಿ ಮೇಲೇರಿದರೆ ನೀರು ತೀರಾ ಕಡಿಮೆಯಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ. ಇವು ಮೂರೂ ಅಲ್ಲವೆಂದಾದರೆ ಹೆಡ್ ಗ್ಯಾಸ್ಕೆಟ್, ಅಂದರೆ ಸೋರದಂತೆ ಹೆಡ್ಡಿನ ಕೆಳಗೆ ಕೂರಿಸಿದ ತೆಳು ಹಾಳೆ, ಹೋಗಿದೆ.

ಕೀಲಿ ತಿರುಗಿಸುತ್ತಿದ್ದಂತೆಯೇ, ಎಂಜಿನ್ ಇನ್ನೂ ತಣ್ಣಗಿರುವಾಗಲೇ ಮುಳ್ಳು ನೇರ ‘ಎಚ್’ಗೆ ಹೋದರೆ ಎಂಜಿನ್ ಬಿಸಿಯಾಗಿಲ್ಲ. ಮಾಪಕದ ಸೆನ್ಸರಿನಿಂದ ಬರುವ ತಂತಿ ಎಲ್ಲೋ ಸಿಪ್ಪೆ ಕಿತ್ತು ಗಾಡಿಯ ಲೋಹದ ಮೈಗೆ ತಾಗಿದೆ, ಇಲ್ಲವೇ ಸೆನ್ಸರೇ ಕೆಟ್ಟಿದೆ. ಸೆನ್ಸರಿನ ತಂತಿ ಬಿಚ್ಚಿ ನೋಡಿ: ಆಗಲೂ ಮುಳ್ಳು ಮೇಲೆಯೇ ಇದ್ದರೆ ತಂತಿಯದೇ ದೋಷ, ಕೆಳಗಿಳಿದರೆ ಸೆನ್ಸರಿನದು.

ಇನ್ನೊಂದು ಲಕ್ಷಣವಿದೆ, ಅಪಾಯದ್ದು. ಮುಳ್ಳು ಏರುತ್ತಾ ಹೋಗಿ ಇದ್ದಕ್ಕಿದ್ದಂತೆ ಕೆಳಗೆ ಬೀಳುತ್ತದೆ. ಬಿಸಿ ಇಳಿಯಿತೆಂದು ನೆಮ್ಮದಿಪಡುವವರೇ ಹೆಚ್ಚು. ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟಿದ ನೀರಿನ ಬಿಸಿಯನ್ನು. ನೀರು ಅದರ ಮಟ್ಟಕ್ಕಿಂತ ಕೆಳಗಿಳಿದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಎಂಜಿನ್ ಒಣಗಿ ಸುಡುತ್ತಿರುವಾಗ ಮುಳ್ಳು ತಣ್ಣಗೆ ಕೂತಿರಬಹುದು. ಬಾನೆಟ್ಟಿನಿಂದ ಕಾದ ವಾಸನೆ, ಏರು ಹತ್ತುವಾಗ ಎಂಜಿನ್ನಿನಿಂದ ಕಟಕಟ ಸದ್ದು, ಎಳೆತ ಕುಗ್ಗುವುದು ಇವೆಲ್ಲ ಒಟ್ಟಿಗೆ ಬಂದರೆ ಮುಳ್ಳು ಏನೇ ಹೇಳಲಿ, ಗಾಡಿ ನಿಲ್ಲಿಸಿ.

ನೀರು, ಮುಚ್ಚಳ ಮತ್ತು ಪುಟ್ಟ ಪೈಪು

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳವನ್ನೇ ತೆರೆದು ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ‘ಫುಲ್’ ಗೆರೆಯವರೆಗೆ ಇದೆ ಎಂದ ಮಾತ್ರಕ್ಕೆ ರೇಡಿಯೇಟರಿನಲ್ಲಿ ಇದೆ ಎಂದು ತಿಳಿಯಬಾರದು. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿಯಾಗಿರುವುದು ಬಹಳ ಸಾಮಾನ್ಯ. ಅದೇ ಒಂದು ಸುಳಿವು ಕೂಡ.

ಈ ಮುಚ್ಚಳದೊಳಗೆ ಎರಡು ಕವಾಟಗಳಿವೆ. ದೊಡ್ಡ ಸ್ಪ್ರಿಂಗಿನದು ಒತ್ತಡ ಹಿಡಿದಿಡುತ್ತದೆ. ಎಂಜಿನ್ ಕಾದು ನೀರು ಹಿಗ್ಗಿದಾಗ ಹೆಚ್ಚಾದದ್ದನ್ನು ಡಬ್ಬಿಗೆ ಬಿಡುತ್ತದೆ. ನಡುವಿನ ಪುಟ್ಟ ಕವಾಟ ಎಂಜಿನ್ ತಣ್ಣಗಾದಾಗ ಡಬ್ಬಿಯಿಂದ ನೀರನ್ನು ಮರಳಿ ಒಳಗೆಳೆದುಕೊಳ್ಳುತ್ತದೆ. ಮುಚ್ಚಳದ ಮೇಲೆ 0.9 ಎಂಬ ಅಂಕಿ ಒತ್ತಿರುವುದನ್ನು ನೋಡಿರಬಹುದು. ಅದು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂಬ ಒತ್ತಡದ ಲೆಕ್ಕ. ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಇದು ಮಾಡುವುದು. ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಈ ಒತ್ತಡದಲ್ಲಿ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ.

ಈ ಲೆಕ್ಕ ನಮ್ಮ ಒಳನಾಡಿನವರಿಗೆ ಹೆಚ್ಚು ಮುಖ್ಯ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ಇಲ್ಲಿ ನೀರು ಕುದಿಯುವುದು 96–97 ಡಿಗ್ರಿಗೇ. ಮುಚ್ಚಳ ಒತ್ತಡ ಹಿಡಿಯದಿದ್ದರೆ ಎಂಜಿನ್ ತನ್ನ ಮಾಮೂಲಿ ಬಿಸಿ ಮುಟ್ಟುವಷ್ಟರಲ್ಲೇ ನೀರು ಕುದಿಯುವ ಅಂಚಿಗೆ ಬಂದಿರುತ್ತದೆ. ಮಂಗಳೂರಿನಲ್ಲಿ ಹೇಗೋ ನಡೆಯುತ್ತಿದ್ದ ಗಾಡಿ ಘಾಟಿ ಹತ್ತಿ ಮೇಲೆ ಬಂದು ಉಕ್ಕಿದರೆ, ಏರಿನ ಭಾರದ ಜೊತೆಗೆ ಇದೂ ಒಂದು ಕಾರಣ.

ಮುಚ್ಚಳವನ್ನು ತಿರುಗಿಸಿ ಹಿಡಿದು ಬೆಳಕಿನಲ್ಲಿ ನೋಡಿ. ರಬ್ಬರ್ ಗಟ್ಟಿಯಾಗಿ ಅಂಚಿನಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೆ, ರೇಡಿಯೇಟರಿನ ಕಂಠ ಒತ್ತಿ ಒತ್ತಿ ಅದರ ಮೇಲೆ ಆಳವಾದ ಬಳೆಯಂಥ ಗುರುತು ಬಿದ್ದಿದ್ದರೆ ಅದರ ಆಯುಷ್ಯ ಮುಗಿದಿದೆ. ನಡುವಿನ ಪುಟ್ಟ ಕವಾಟವನ್ನು ಉಗುರಿನಿಂದ ಮೆಲ್ಲಗೆ ಎಳೆದು ಬಿಡಿ. ಅದು ಟಕ್ಕೆಂದು ಹಿಂದಕ್ಕೆ ಕೂರಬೇಕು. ತುಕ್ಕಿನ ಕೆಸರು ಮೆತ್ತಿಕೊಂಡು ಅದು ಅಲುಗದಿದ್ದರೆ ತಣ್ಣಗಾಗುವ ಎಂಜಿನ್ನಿಗೆ ಡಬ್ಬಿಯ ನೀರು ಬರುವುದಿಲ್ಲ. ಬೆಳಿಗ್ಗೆ ನೋಡಿದರೆ ಮೇಲಿನ ಹೋಸ್ ಹೀರಿ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆ ಹೋಸನ್ನು ಕಂಡು ಹೋಸ್ ಬದಲಿಸಿದವರಿದ್ದಾರೆ. ಬದಲಿಸಬೇಕಾದದ್ದು ಮುಚ್ಚಳ.

ಕಂಠದಿಂದ ಡಬ್ಬಿಗೆ ಹೋಗುವ ಬೆರಳು ಗಾತ್ರದ ಪೈಪನ್ನೂ ಮರೆಯಬೇಡಿ. ಅದು ಬಿರಿದಿದ್ದರೆ ಹೊರಹೋದ ನೀರು ಹಿಂದಿರುಗುವಾಗ ನೀರಿನ ಬದಲು ಗಾಳಿ ಒಳಗೆ ಬರುತ್ತದೆ. ಡಬ್ಬಿ ತುಂಬುತ್ತಲೇ ಹೋಗುತ್ತದೆ, ರೇಡಿಯೇಟರ್ ದಿನವೂ ಒಂದಿಷ್ಟು ಖಾಲಿಯಾಗುತ್ತದೆ, ಎಲ್ಲಿಯೂ ಸೋರಿಕೆ ಕಾಣುವುದಿಲ್ಲ. ಪರಿಚಿತರೊಬ್ಬರ 1990ರ ದಶಕದ ಗಾಡಿಗೆ ಗ್ಯಾರೇಜೊಂದರಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಮಾನಿಸಿದ್ದರು. ಪೈಪನ್ನು ಬಿಚ್ಚಿ ಒಂದು ತುದಿಗೆ ಬೆರಳಿಟ್ಟು ಇನ್ನೊಂದು ತುದಿಯಿಂದ ಊದಿದಾಗ, ಡಬ್ಬಿಯ ಬಾಯಿಯ ಹತ್ತಿರ, ಬಾಗುವ ಜಾಗದಲ್ಲಿ ಸೀಳೊಂದು ತುಟಿ ಬಿಚ್ಚಿತು. ಹೊಸ ಪೈಪು ಹಾಕಿದ ಮೇಲೆ ನೀರು ಕಡಿಮೆಯಾಗಲಿಲ್ಲ. ಹೆಡ್ ಬಿಚ್ಚುವ ಮಾತೂ ಅಲ್ಲಿಗೇ ನಿಂತಿತು.

ನಿಜವಾದ ಸೋರಿಕೆ ಹುಡುಕಲು ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆ ಹಾಸಿ. ಒದ್ದೆಯಾದ ಜಾಗದ ನೇರ ಮೇಲೆ ನೋಡಿ: ಹೋಸಿನ ಕ್ಲಿಪ್, ಬಸಿಯುವ ತಿರುಪು, ಪಂಪ್. ಹೀಟರ್ ಸೋರಿದರೆ ಪಕ್ಕದ ಸೀಟಿನವರ ಕಾಲಡಿಯ ಕಾರ್ಪೆಟ್ ಅಂಟಂಟಾಗಿ, ಒಳಗೆಲ್ಲ ಸಿಹಿ ವಾಸನೆ ಬರುತ್ತದೆ.

ಫ್ಯಾನ್

ಗಾಡಿ ನಿಲ್ಲಿಸಿ, ಎಸಿ ಆರಿಸಿ, ಎಂಜಿನ್ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಡಿ. ಮುಳ್ಳು ಅರ್ಧ ದಾಟಿ ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಫ್ಯಾನ್ ತಾನಾಗಿ ತಿರುಗಬೇಕು, ಮುಳ್ಳು ಇಳಿದ ಮೇಲೆ ತಾನಾಗಿ ನಿಲ್ಲಬೇಕು. ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ. ಫ್ಯೂಸ್ ಸರಿಯಿದ್ದರೆ ಫ್ಯಾನಿಗೆ ಅಪ್ಪಣೆ ಕೊಡುವ ಥರ್ಮೋಸ್ವಿಚ್ಚಿನ ಪ್ಲಗ್ ಬಿಚ್ಚಿ, ಕೀಲಿ ಆನ್ ಇಟ್ಟು, ಪ್ಲಗ್ಗಿನ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ. ಪ್ಲಗ್ಗಿನಲ್ಲಿ ಒಂದೇ ತಂತಿ ಇದ್ದರೆ ಅದನ್ನು ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿ. ಫ್ಯಾನ್ ತಿರುಗಿದರೆ ಮೋಟಾರ್, ತಂತಿ ಎಲ್ಲ ಸರಿಯಿವೆ, ಸ್ವಿಚ್ ಹೋಗಿದೆ. ಈ ಸ್ವಿಚ್ಚೂ ಮಾಪಕದ ಸೆನ್ಸರೂ ಬೇರೆ ಬೇರೆ. ಮುಳ್ಳು ಸರಿಯಾಗಿ ತೋರಿಸುತ್ತಿದ್ದರೂ ಸ್ವಿಚ್ ಸತ್ತಿರಬಹುದು.

ಆಗಲೂ ತಿರುಗದಿದ್ದರೆ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ, ನಡುವೆ ಫ್ಯೂಸ್ ಇರುವ ತಂತಿಯಲ್ಲಿ ವಿದ್ಯುತ್ ಕೊಟ್ಟು ನೋಡಿ. ನೇರ ಕೊಟ್ಟಾಗ ತಿರುಗಿ, ಸ್ವಿಚ್ಚಿನಿಂದ ತಿರುಗದಿದ್ದರೆ ದೋಷ ತಂತಿಯ ದಾರಿಯಲ್ಲಿದೆ. ಕರಾವಳಿಯ ಗಾಡಿಗಳಲ್ಲಿ ಅರ್ತ್ ತಂತಿ ಗಾಡಿಯ ಲೋಹದ ಮೈಗೆ ಸೇರುವ ಬೋಲ್ಟಿನ ಕೆಳಗೆ ಹಸಿರು ಪುಡಿ ಕಟ್ಟಿರುತ್ತದೆ. ಬಿಚ್ಚಿ, ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಗ್ರೀಸ್ ಸವರಿ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಫ್ಯಾನ್ ತಿರುಗುತ್ತದೆ ಆದರೆ ಸೋತಂತೆ ತಿರುಗುತ್ತದೆ ಎಂದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ. ಮೋಟಾರ್ ಬಿಚ್ಚಿ ಹಾಕುವಾಗ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಫ್ಯಾನ್ ಉಲ್ಟಾ ತಿರುಗಿ ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ರೇಡಿಯೇಟರಿನ ಮುಂಭಾಗಕ್ಕೆ ತೆಳು ಕಾಗದ ಹಿಡಿಯಿರಿ, ಅದು ಒಳಕ್ಕೆ ಅಂಟಿಕೊಂಡರೆ ದಿಕ್ಕು ಸರಿ. ಫ್ಯಾನಿನ ಹತ್ತಿರ ಕೈ ಹಾಕುವ ಯಾವುದೇ ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ.

ಎರಡು ಹೋಸುಗಳು ಹೇಳುವುದು

ಹೆಚ್ಚಿನ ದೋಷಗಳನ್ನು ಬರಿಗೈಯಿಂದಲೇ ಹುಡುಕಬಹುದು. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಮೇಲೆ ಆಗಾಗ ಕೈ ಇಟ್ಟು ನೋಡುತ್ತಿರಿ, ಅಂಗಿಯ ತೋಳು ಬೆಲ್ಟಿಗೂ ಫ್ಯಾನಿಗೂ ದೂರವಿರಲಿ. ಥರ್ಮೋಸ್ಟಾಟ್ ಸರಿಯಿದ್ದರೆ ಮೊದಲ ಕೆಲವು ನಿಮಿಷ ಹೋಸ್ ಉಗುರುಬೆಚ್ಚಗಷ್ಟೇ ಇದ್ದು, ಮುಳ್ಳು ನಡುಮಟ್ಟಕ್ಕೆ ಬರುವ ಹೊತ್ತಿಗೆ ಥಟ್ಟನೆ ಸುಡುವಷ್ಟಾಗುತ್ತದೆ. ಕವಾಟ ತೆರೆಯಿತು ಎಂದು ಅದರರ್ಥ. ಮುಳ್ಳು ಮೇಲೆ ಹೋದರೂ ಹೋಸ್ ತಣ್ಣಗೇ ಇದ್ದರೆ ಕವಾಟ ಮುಚ್ಚಿಕೊಂಡಿದೆ ಅಥವಾ ಅಲ್ಲಿ ಗಾಳಿ ತುಂಬಿದೆ. ಮೊದಲ ನಿಮಿಷದಿಂದಲೇ ಹೋಸ್ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ಕವಾಟ ತೆರೆದೇ ನಿಂತಿದೆ, ಇಲ್ಲವೇ ಯಾರೋ ಅದನ್ನು ಕಿತ್ತಿದ್ದಾರೆ.

ಮೇಲಿನದು ಸುಡುತ್ತಿದೆ, ಕೆಳಗಿನದು ಪೂರ್ತಿ ತಣ್ಣಗಿದೆ ಎಂದರೆ ನೀರು ರೇಡಿಯೇಟರ್ ದಾಟುತ್ತಿಲ್ಲ: ಒಳಗೆ ಕಟ್ಟಿದೆ ಅಥವಾ ಪಂಪ್ ಎಳೆಯುತ್ತಿಲ್ಲ. ಎರಡೂ ಒಂದೇ ಸಮ ಸುಡುತ್ತಿದ್ದರೆ ನೀರು ಓಡುತ್ತಿದೆ, ಬಿಸಿ ಹೊರಹೋಗುತ್ತಿಲ್ಲ. ಆಗ ಫ್ಯಾನ್, ಇಲ್ಲವೇ ರೇಡಿಯೇಟರಿನ ಹೊರಮೈ. ಕೆಳಗಿನ ಹೋಸನ್ನು ಇನ್ನೊಂದು ಕಾರಣಕ್ಕೂ ಗಮನಿಸಬೇಕು. ಪಂಪ್ ನೀರು ಹೀರುವುದು ಆ ಕಡೆಯಿಂದ. ಹಳೆಯದಾಗಿ ಮೆತ್ತಗಾದ ಹೋಸ್, ಎಂಜಿನ್ ವೇಗ ಏರಿಸಿದಾಗ ಹೀರುವ ಬಲಕ್ಕೆ ಒಳಕ್ಕೆ ಕುಸಿದು ದಾರಿ ಮುಚ್ಚಬಹುದು. ಐಡ್ಲಿಂಗಿನಲ್ಲಿ ಇದು ಕಾಣುವುದೇ ಇಲ್ಲ. ಒಬ್ಬರು ಆಕ್ಸಿಲರೇಟರ್ ಒತ್ತಿ ಹಿಡಿದಾಗ ಇನ್ನೊಬ್ಬರು ನೋಡಬೇಕು.

ಥರ್ಮೋಸ್ಟಾಟ್ ಕಿತ್ತು ಎಸೆಯಬೇಡಿ

‘ನಮ್ಮದು ಬಿಸಿ ದೇಶ, ಇದು ಬೇಕಿಲ್ಲ’ ಎಂಬ ಮಾತು ಎಷ್ಟು ಹಳೆಯದೋ ಅಷ್ಟೇ ತಪ್ಪು. ಥರ್ಮೋಸ್ಟಾಟಿನ ಕೆಲಸ ಎಂಜಿನ್ನನ್ನು ಬೇಗ ಬಿಸಿ ಮಾಡಿ ಒಂದೇ ಮಟ್ಟದಲ್ಲಿ ನಿಲ್ಲಿಸುವುದು. ಕಿತ್ತರೆ ಎಂಜಿನ್ ಬಹಳ ಹೊತ್ತು ತಣ್ಣಗೆ ಓಡುತ್ತದೆ, ಕಾರ್ಬ್ಯುರೇಟರಿನಿಂದ ಬಂದ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಸಿಲಿಂಡರಿನ ಗೋಡೆಯ ಎಣ್ಣೆ ತೊಳೆಯುತ್ತದೆ, ಮೈಲೇಜ್ ಬೀಳುತ್ತದೆ, ಸವೆತ ಹೆಚ್ಚುತ್ತದೆ. ಇಷ್ಟೆಲ್ಲ ಸಾಲದೆಂಬಂತೆ ನಿಜವಾದ ದೋಷವನ್ನು ಅದು ಕೆಲವು ತಿಂಗಳ ಮಟ್ಟಿಗೆ ಮುಚ್ಚಿಡುತ್ತದೆ. ಕಟ್ಟಿಕೊಳ್ಳುತ್ತಿರುವ ರೇಡಿಯೇಟರ್ ಕಟ್ಟಿಕೊಳ್ಳುತ್ತಲೇ ಇರುತ್ತದೆ, ಮುಂದಿನ ಬೇಸಿಗೆಯಲ್ಲಿ ಒಮ್ಮೆಲೇ ಕೈಕೊಡುತ್ತದೆ.

ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ, ಹಳೆಯದೊಂದು ಪಾತ್ರೆಯನ್ನು ಇದಕ್ಕೇ ಮೀಸಲಿಡಿ. ಮೇಲಿನ ಹೋಸ್ ಎಂಜಿನ್ ಸೇರುವ ಜಾಗದ ಬೋಲ್ಟುಗಳನ್ನು ಬಿಚ್ಚಿದರೆ ಥರ್ಮೋಸ್ಟಾಟ್ ಸಿಗುತ್ತದೆ. ಅದು ತೆರೆಯಬೇಕಾದ ಡಿಗ್ರಿಯನ್ನು ಅದರ ಮೇಲೆಯೇ ಒತ್ತಿರುತ್ತಾರೆ, ಸಾಮಾನ್ಯವಾಗಿ 82. ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ತೂಗುಹಾಕಿ, ಥರ್ಮಾಮೀಟರ್ ಇಟ್ಟು ಕಾಯಿಸಿ. ದಾರದ ತುದಿಯನ್ನು ಕವಾಟದ ಸಂದಿಯಲ್ಲೇ ಸಿಕ್ಕಿಸಿದರೆ ಇನ್ನೂ ಒಳ್ಳೆಯದು. ಕವಾಟ ತೆರೆದ ಕ್ಷಣ ಥರ್ಮೋಸ್ಟಾಟ್ ದಾರದಿಂದ ಜಾರಿ ತಳಕ್ಕೆ ಬೀಳುತ್ತದೆ, ಆಗಿನ ಡಿಗ್ರಿ ನೋಡಿಕೊಂಡರಾಯಿತು. ನೀರು ಕುದಿಯುವ ಹೊತ್ತಿಗೆ ಕವಾಟ ಚೆನ್ನಾಗಿ ಬಾಯಿ ತೆರೆದಿರಬೇಕು, ತಣ್ಣಗಾದಾಗ ಪೂರ್ತಿ ಮುಚ್ಚಬೇಕು. ಅರೆಬರೆ ತೆರೆಯುವುದನ್ನು ಮರಳಿ ಹಾಕಬೇಡಿ. ಹೊಸದನ್ನು ಹಾಕುವಾಗ ಅಂಚಿನ ಪುಟ್ಟ ಗಾಳಿರಂಧ್ರ ಮೇಲಕ್ಕಿರಲಿ, ಗ್ಯಾಸ್ಕೆಟ್ ಹೊಸದಿರಲಿ.

ಬೆಲ್ಟ್ ಮತ್ತು ಪಂಪ್

ಈ ಎಂಜಿನ್ನಿನಲ್ಲಿ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ಓಡುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡು, ಹಿಂದೆಯೇ ಮುಳ್ಳು ಏರಿದರೆ ಬೆಲ್ಟ್ ತುಂಡಾಗಿದೆ. ಮುಂದೆ ಹೋಗುವ ಪ್ರಶ್ನೆಯೇ ಇಲ್ಲ. ಒಂದು ಹೊಸ ಬೆಲ್ಟನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು ಸ್ಟೆಪ್ನಿಯಷ್ಟೇ ಮುಖ್ಯ. ಎಂಜಿನ್ ನಿಂತಿರುವಾಗ, ಬೆಲ್ಟ್ ಸುತ್ತುವ ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ಬೆಲ್ಟ್ 6–9 ಮಿಲಿಮೀಟರ್ ಇಳಿಯಬೇಕು. ಹೆಚ್ಚು ಸಡಿಲವಿದ್ದರೆ ಜಾರುತ್ತದೆ. ತೀರಾ ಬಿಗಿ ಮಾಡಿದರೆ ಪಂಪಿನ ಬೇರಿಂಗ್ ಬೇಗ ಸಾಯುತ್ತದೆ.

ಪಂಪಿನ ತಳದಲ್ಲಿ ಸಣ್ಣದೊಂದು ರಂಧ್ರವಿದೆ. ಒಳಗಿನ ಸೀಲ್ ಹೋದಾಗ ನೀರು ಅಲ್ಲಿಂದ ತೊಟ್ಟಿಕ್ಕಲೆಂದೇ ಅದನ್ನು ಇಟ್ಟಿರುವುದು. ಅದನ್ನು ಎಂಸೀಲ್ ಹಾಕಿ ಮುಚ್ಚಿದ್ದನ್ನು ಕಂಡಿದ್ದೇನೆ, ನೀರು ಆಗ ಬೇರಿಂಗಿಗೆ ನುಗ್ಗುತ್ತದೆ. ಬೆಲ್ಟ್ ಸಡಿಲಿಸಿ ಪಂಪಿನ ಗಾಲಿಯನ್ನು ಹಿಡಿದು ಅಲುಗಿಸಿ ನೋಡಿ. ಲಟಪಟ ಅಲುಗಿದರೆ, ತಿರುಗಿಸುವಾಗ ಕರಕರ ಎಂದರೆ ಪಂಪ್ ಬದಲಿಸಬೇಕು.

ರೇಡಿಯೇಟರ್ ಮತ್ತು ನಮ್ಮ ಬೋರ್‌ವೆಲ್ ನೀರು

ಹೊರಮೈ ಮೊದಲು. ಜಾಲರಿಯ ಸಂದಿಗಳಲ್ಲಿ ಕೆಸರು, ಹುಳು, ಹತ್ತಿಯಂಥ ಕಸ ತುಂಬಿದ್ದರೆ ಗಾಳಿ ದಾಟುವುದಿಲ್ಲ. ಎಸಿ ಗಾಡಿಯಲ್ಲಿ ಕಂಡೆನ್ಸರ್ (ರೇಡಿಯೇಟರಿನ ಮುಂದಿರುವ ಎಸಿಯ ಜಾಲರಿ) ಮತ್ತು ರೇಡಿಯೇಟರಿನ ನಡುವಿನ ಕಸ ಹೊರಗಿನಿಂದ ಕಾಣುವುದೇ ಇಲ್ಲ. ಎಂಜಿನ್ ಕಡೆಯಿಂದ ಮುಂದಕ್ಕೆ, ಮೃದುವಾದ ಧಾರೆಯಲ್ಲಿ ನೀರು ಹಾಯಿಸಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಧಾರೆಗೆ ಜಾಲರಿ ಮಡಚಿ ಹೋಗುತ್ತದೆ.

ಒಳಮೈಯ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಹಳೆಯ ಕಾರುಗಳನ್ನು ಹೆಚ್ಚು ಹಾಳು ಮಾಡಿರುವುದು ಬೋರ್‌ವೆಲ್ ನೀರು ಎಂದೇ ನನ್ನ ಅಭಿಪ್ರಾಯ. ಕೋಲಾರದಂಥ ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ಮನೆಯಲ್ಲೇ ನೋಡುತ್ತೇವೆ. ಅದೇ ಸುಣ್ಣ ರೇಡಿಯೇಟರಿನ ತೆಳು ಕೊಳವೆಗಳಲ್ಲೂ ಹೆಡ್ಡಿನ ನೀರಿನ ದಾರಿಗಳಲ್ಲೂ ಕಟ್ಟುತ್ತದೆ. ಸುಣ್ಣದ ಪದರ ಬಿಸಿಯನ್ನು ದಾಟಲು ಬಿಡುವುದಿಲ್ಲ. ಅದರ ಜೊತೆ ತುಕ್ಕು ಸೇರಿದರೆ ಮುಚ್ಚಳ ತೆರೆದಾಗ ಇಟ್ಟಿಗೆ ಬಣ್ಣದ ನೀರು ಕಾಣುತ್ತದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಆರಿಸಿ, ಬ್ಯಾಟರಿ ಬಿಚ್ಚಿ, ರೇಡಿಯೇಟರಿನ ಮುಖದ ಮೇಲೆ ಅಂಗೈಯನ್ನು ತಾಗೀತಾಗದಂತೆ ಸರಿಸಿ. ಬಿಸಿ ಎಲ್ಲೆಡೆ ಸಮನಾಗಿ ಹರಡಿರಬೇಕು. ನಡುವೆ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿನ ಕೊಳವೆಗಳು ಮುಚ್ಚಿವೆ.

ಸ್ವಲ್ಪ ಕಟ್ಟಿದ್ದರೆ ಹಳೆಯದನ್ನು ಬಸಿದು, ಶುದ್ಧ ನೀರು ತುಂಬಿ ಎಂಜಿನ್ ಓಡಿಸಿ ಮತ್ತೆ ಬಸಿದು, ತಿಳಿಯಾಗುವವರೆಗೆ ತೊಳೆಯಬಹುದು. ಆಸಿಡ್, ಬಟ್ಟೆ ಸೋಡಾ ಹಾಕಬೇಡಿ, ಅಲ್ಯುಮಿನಿಯಂ ಹೆಡ್ಡನ್ನು ಅವು ತಿನ್ನುತ್ತವೆ. ಹೆಚ್ಚು ಕಟ್ಟಿದ್ದರೆ ಹಿತ್ತಾಳೆ ರೇಡಿಯೇಟರನ್ನು ರಿಪೇರಿಯವರು ಬೆಸುಗೆ ಬಿಚ್ಚಿ, ಕೊಳವೆಗಳಿಗೆ ಕಡ್ಡಿ ಹಾಯಿಸಿ ಕೊಡುತ್ತಾರೆ; ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯುಮಿನಿಯಂ ರೇಡಿಯೇಟರನ್ನು ಬದಲಿಸುವುದೇ ಮೇಲು. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಹಳೆಯ ಉಪಾಯ ನಡುದಾರಿಯಲ್ಲಿ ಸಿಕ್ಕಿಬಿದ್ದಾಗ ಊರು ಮುಟ್ಟಿಸೀತು, ಆದರೆ ಅದೇ ಪುಡಿ ಆಮೇಲೆ ಕೆಸರಾಗಿ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತದೆ.

ಇಷ್ಟೂ ಸರಿಯಿದ್ದು ಬಿಸಿ ಇಳಿಯದಿದ್ದರೆ

ಹೆಡ್ ಗ್ಯಾಸ್ಕೆಟ್ಟನ್ನು ಕೊನೆಗೆ ಇಟ್ಟಿದ್ದು ಬೇಕೆಂದೇ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಕಂಠದವರೆಗೆ ನೀರು ತುಂಬಿ ಸ್ಟಾರ್ಟ್ ಮಾಡಿ. ಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡಿದ್ದ ಗಾಳಿ. ನಿಲ್ಲದೆ ಬುಳುಬುಳು ಬರುತ್ತಲೇ ಇದ್ದು, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ ಸಿಲಿಂಡರಿನ ಹೊಗೆ ನೀರಿಗೆ ಬರುತ್ತಿದೆ. ಅನುಮಾನ ಉಳಿದರೆ ಬೆಲ್ಟ್ ಬಿಚ್ಚಿಟ್ಟು ಅರ್ಧ ನಿಮಿಷ ಮಾತ್ರ ಓಡಿಸಿ ನೋಡಿ. ಪಂಪ್ ನಿಂತಿರುವುದರಿಂದ ಆಗ ಕಾಣುವ ಗುಳ್ಳೆ ಪಂಪಿನದಲ್ಲ.

ಜೊತೆಯ ಸಾಕ್ಷಿಗಳು: ತಣ್ಣನೆಯ ಎಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಎಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆ, ಮೂರು ಸ್ಪಾರ್ಕ್ ಪ್ಲಗ್ಗುಗಳಲ್ಲಿ ಒಂದು ಮಾತ್ರ ಹಬೆಯಲ್ಲಿ ತೊಳೆದಂತೆ ಬೆಳ್ಳಗಿರುವುದು, ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದಂತೆ ಕಾಣುವುದು. ಎಣ್ಣೆ ಮುಚ್ಚಳದ ಒಳಗಷ್ಟೇ ತೆಳುವಾಗಿ ಕೆನೆ ಕಟ್ಟಿದ್ದರೆ ಗಾಬರಿ ಬೇಡ. ಮಳೆಗಾಲದಲ್ಲಿ ಹತ್ತಿರದ ಓಡಾಟಕ್ಕಷ್ಟೇ ಬಳಸುವ ಗಾಡಿಗಳಲ್ಲಿ ತೇವಾಂಶದಿಂದ ಹಾಗಾಗುತ್ತದೆ. ಗ್ಯಾಸ್ಕೆಟ್ ಹೋಗಿರುವುದು ಖಚಿತವಾದರೆ ಈ ಒಂದು ಕೆಲಸವನ್ನು ಟಾರ್ಕ್ ವ್ರೆಂಚ್ (ಬೋಲ್ಟನ್ನು ಅಳೆದ ಬಲದಲ್ಲಿ ಬಿಗಿಯುವ ಸ್ಪ್ಯಾನರ್) ಇರುವವರಿಗೇ ಒಪ್ಪಿಸಿ. ಹೆಡ್ಡನ್ನು ಲೇಥ್ ಅಂಗಡಿಯಲ್ಲಿ ಸಮತಟ್ಟು ನೋಡಿಸದೆ ಹೊಸ ಗ್ಯಾಸ್ಕೆಟ್ ಹಾಕಲು ಬಿಡಬೇಡಿ, ಹಾಕಿದರೆ ಅದೂ ಬೇಗನೆ ಹೋಗುತ್ತದೆ.

ಗ್ಯಾಸ್ಕೆಟ್ಟೂ ಚೆನ್ನಾಗಿದ್ದರೆ ತಣಿಸುವ ವ್ಯವಸ್ಥೆಯನ್ನು ಬಿಟ್ಟು ಬಿಸಿ ಹುಟ್ಟುವ ಕಡೆ ನೋಡಬೇಕು. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೆ (ಸ್ಪಾರ್ಕ್ ತಡವಾಗಿ ಬರುತ್ತಿದ್ದರೆ), ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ತೀರಾ ಕಡಿಮೆಯಿದ್ದರೆ ಎಂಜಿನ್ ಕಾಯುತ್ತದೆ. ಬ್ರೇಕ್ ಹಿಡಿದುಕೊಂಡೇ ಗಾಡಿ ಓಡುತ್ತಿದ್ದರೂ ಅಷ್ಟೇ. ಒಂದಷ್ಟು ದೂರ ಹೋಗಿ ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿಯಿರಿ, ಒಂದು ಮಾತ್ರ ಕಾದ ಕಾವಲಿಯಂತಿದ್ದರೆ ಅಲ್ಲೇ ದೋಷ.

ಮತ್ತೆ ತುಂಬಿಸುವಾಗ

ಕೂಲಂಟಿನ (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ಜೊತೆಗೆ ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೇ ಬಳಸಿ. ಕೂಲಂಟಿನ ಕ್ಯಾನಿನ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ. ಬೆರೆಸಿದ್ದನ್ನೇ ಮಾರುವ ಕೂಲಂಟಾದರೆ ನೀರು ಸೇರಿಸಬಾರದು. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲಂಟ್ ಏಕೆ ಎಂದು ಕೇಳುವವರಿದ್ದಾರೆ. ತುಕ್ಕು ತಡೆಯುವುದಕ್ಕೆ, ಕುದಿಯುವ ಮಟ್ಟ ಏರಿಸುವುದಕ್ಕೆ. ಹಸಿರು, ಕೆಂಪು ಎಂದು ಬಣ್ಣ ನೋಡಿ ಬೆರಕೆ ಮಾಡಬೇಡಿ, ಒಂದೇ ಬಣ್ಣದವು ಒಂದೇ ಬಗೆಯವಾಗಿರಬೇಕೆಂದೇನೂ ಇಲ್ಲ.

ಗಾಡಿಯ ಮುಂಭಾಗ ಸ್ವಲ್ಪ ಎತ್ತರಕ್ಕಿರುವಂತೆ ನಿಲ್ಲಿಸಿ, ಹೀಟರ್ ಬಿಸಿಗೆ ತಿರುಗಿಸಿ, ನಿಧಾನವಾಗಿ ಸುರಿಯಿರಿ. ಮೇಲಿನ ಹೋಸನ್ನು ಆಗಾಗ ಹಿಂಡುತ್ತಿದ್ದರೆ ಗಾಳಿ ಗುಳುಗುಳು ಹೊರಬರುತ್ತದೆ. ಮುಚ್ಚಳ ಹಾಕದೆ ಎಂಜಿನ್ ಓಡಿಸಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾದಾಗ ನೀರಿನ ಮಟ್ಟ ಒಮ್ಮೆ ಕುಸಿಯುತ್ತದೆ. ಆಗ ಮತ್ತೆ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಬಿಗಿ ಮಾಡಿ. ಉಕ್ಕಿ ಬರುವ ಲಕ್ಷಣ ಕಂಡರೆ ಎಂಜಿನ್ ಆರಿಸಿ ದೂರ ನಿಲ್ಲಿ. ಡಬ್ಬಿಯನ್ನು ‘ಫುಲ್’ ಗೆರೆಯವರೆಗೆ ತುಂಬಿ, ಮುಂದಿನ ಕೆಲವು ದಿನ ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಮತ್ತು ಡಬ್ಬಿ ಎರಡನ್ನೂ ನೋಡಿ. ಮೊದಲ ದಿನ ಒಂದಿಷ್ಟು ಇಳಿಯುವುದು ಸಹಜ. ಆಮೇಲೆ ಮಟ್ಟ ನಿಂತಲ್ಲೇ ನಿಂತರೆ ಘಾಟಿ ರಸ್ತೆಗೂ ಒಯ್ಯಬಹುದು. ದಿನವೂ ಇಳಿಯುತ್ತಿದ್ದರೆ ಹಳೆಯ ಪತ್ರಿಕೆ ಹಾಸುವ ಹಂತಕ್ಕೆ ಮರಳಿ.

ಬಸಿದ ಹಳೆಯ ಕೂಲಂಟನ್ನು ಚರಂಡಿಗೋ ಅಂಗಳಕ್ಕೋ ಸುರಿಯಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಬೀದಿ ನಾಯಿಗಳೂ ದನಕರುಗಳೂ ನೆಕ್ಕಿ ಸಾಯುತ್ತವೆ. ಕ್ಯಾನಿನಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೆಯ ಎಂಜಿನ್ ಎಣ್ಣೆ ಮತ್ತು ಕೂಲಂಟನ್ನು ತೆಗೆದುಕೊಳ್ಳುವ ಸರ್ವಿಸ್ ಕೇಂದ್ರಕ್ಕೆ ಕೊಡಿ.